ನಾಭಿಯ ಕೆಳಗೆ

ನಮ್ಮ ಚಿಕ್ಕಪ್ಪ ಬಸ್ಸಿನಲ್ಲಿ ಕೂರುವುದಿಲ್ಲ. ಅರಕಲಗೂಡಿನಿಂದ ಹಾಸನದವರೆಗೂ ಸೀಟುಗಳು ಖಾಲಿ ಇದ್ದರೂ ಕಂಬಿ ಹಿಡಿದುಕೊಂಡು ನಿಂತೇ ಬರುತ್ತಾರೆ. ಮದುವೆ ಮನೆಯಲ್ಲಿ ಊಟಕ್ಕೆ ಕೂರುವ ಮೊದಲು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಟವೆಲ್ಲೊಂದನ್ನು ಮಡಚಿ ಹಾಸಿಕೊಳ್ಳುತ್ತಾರೆ. ಪಾಯಸ ಬರುವುದರೊಳಗೆ ಎದ್ದುಬಿಡುತ್ತಾರೆ. ಸೈನ್ಯದಲ್ಲಿ 17 ವರ್ಷ ಇದ್ದು ಹವಾಲ್ದಾರ್ ಆಗಿ ನಿವೃತ್ತರಾದವರು. ‘ಮಿಲಿಟ್ರಿಯವ್ರಲ್ವಾ, ನಿಂತೂ ನಿಂತೂ ಅಭ್ಯಾಸ’ ಎಂದು ಊರಿನವರೇ ಅದಕ್ಕೊಂದು ಕಾರಣ ಕೊಟ್ಟುಕೊಂಡಿದ್ದರು. ನಮಗೆ ಹುಡುಗರಿಗೆ ಅದು ತಮಾಷೆ. ರಜೆಯಲ್ಲಿ ಎಲ್ಲರೂ ಸೇರಿದಾಗ ನಾನು ಟವೆಲ್ ಮಡಚಿ, ಮುಖ ಬಿಗಿದುಕೊಂಡು, ಮೆಲ್ಲಗೆ ಒಂದು ಕಡೆಗೆ ವಾಲಿ ಕೂರುವ ನಟನೆ ಮಾಡುತ್ತಿದ್ದೆ. ನಮ್ಮ ಗುಂಪಿನಲ್ಲಿ ಅದನ್ನು ಎಲ್ಲರಿಗಿಂತ ಚೆನ್ನಾಗಿ ಮಾಡುತ್ತಾನೆ ಎಂಬ ಹೆಸರೂ ನನಗಿತ್ತು.

26ನೇ ವಯಸ್ಸಿನಲ್ಲಿ, ಪಿಎಚ್‌ಡಿಯ ಎರಡನೇ ವರ್ಷದಲ್ಲಿ, ಆ ನಟನೆ ನನಗೇ ನಿಜವಾಯಿತು. ಹಾಸ್ಟೆಲಿನ ಮರದ ಕುರ್ಚಿಯಲ್ಲಿ ಅರ್ಧ ಗಂಟೆ ಕೂತರೆ ಕಿಬ್ಬೊಟ್ಟೆಯಿಂದ ಹಿಂದಿನವರೆಗೆ ಯಾರೋ ಒಳಗಿಂದ ಹಿಡಿದು ಹಿಂಡಿದಂತೆ ನೋವು. ಮೂತ್ರಕ್ಕೆ ಹೋದರೆ ಉರಿ, ಹೋಗಿ ಬಂದ ಹತ್ತು ನಿಮಿಷಕ್ಕೆ ಮತ್ತೆ ಹೋಗಬೇಕೆನ್ನುವ ಅವಸರ. ಮೂತ್ರ ಪರೀಕ್ಷೆ ಮಾಡಿಸಿದೆ, ಸೋಂಕಿಲ್ಲ. ಸ್ಕ್ಯಾನ್ ಮಾಡಿಸಿದೆ, ಕಲ್ಲಿಲ್ಲ. ಮೊದಲು ನೋಡಿದ ಡಾಕ್ಟರು ರಿಪೋರ್ಟುಗಳನ್ನು ಮೇಜಿನ ಮೇಲೆ ಜೋಡಿಸಿಟ್ಟು, ‘ಏನೂ ಇಲ್ಲ. ಟೆನ್ಷನ್ ಕಡಿಮೆ ಮಾಡ್ಕೊಳಿ. ಮದುವೆ ಆದ್ರೆ ಸರಿಹೋಗುತ್ತೆ’ ಅಂದರು. ಅವರು ಕೆಟ್ಟವರೇನಲ್ಲ. ರಿಪೋರ್ಟು ಹೇಳಿದ್ದನ್ನು ಅವರು ಹೇಳಿದರು. ಆದರೆ ಆ ‘ಏನೂ ಇಲ್ಲ’ವನ್ನು ಹೊತ್ತುಕೊಂಡು ರೂಮಿಗೆ ಬಂದು ಮಂಚದ ಮೇಲೆ ಬೋರಲು ಮಲಗಿದಾಗ, ಇಷ್ಟು ನೋಯುತ್ತಿರುವುದು ಏನು ಹಾಗಾದರೆ ಎಂದು ಯಾರನ್ನು ಕೇಳಬೇಕೋ ತಿಳಿಯಲಿಲ್ಲ.

ಅಮ್ಮನಿಗೆ ‘ಬೆನ್ನು ನೋವು’ ಅಂದೆ. ನಾಚಿಕೆ ಇತ್ತು ನಿಜ, ಜೊತೆಗೆ ಮಾತಿನ ಬಡತನವೂ ಇತ್ತು. ಶಾಲೆಯಲ್ಲಿ ‘ಒಂದಕ್ಕೆ’ ಹೋಗಲು ಕಿರುಬೆರಳು ಎತ್ತಿದವರು ನಾವು. ದೊಡ್ಡವರಾದ ಮೇಲೆ ಅದು ‘ಬಾತ್‌ರೂಮು’ ಆಯಿತು. ಪತ್ರಿಕೆಗಳು ‘ಮರ್ಮಾಂಗ’, ‘ಗುಪ್ತಾಂಗ’ ಎಂದು ಬರೆಯುತ್ತವೆ. ಮರ್ಮ ಎಂದರೆ ಪೆಟ್ಟು ಬಿದ್ದರೆ ಪ್ರಾಣಕ್ಕೇ ಅಪಾಯವಾಗುವ ಜಾಗ, ಗುಟ್ಟು ಅಂತಲೂ ಅರ್ಥ. ಎರಡನ್ನೂ ಒಂದೇ ಪದದಲ್ಲಿ ಇಟ್ಟವರು ಸುಮ್ಮನೆ ಇಟ್ಟಿಲ್ಲ ಅನಿಸುತ್ತದೆ. ಪಠ್ಯಪುಸ್ತಕದಲ್ಲಿ ‘ಶ್ರೋಣಿ’ ಎಂಬ ಪದವಿದೆ. ನಾನು ಓದುವ ಕಾವ್ಯಗಳಲ್ಲೂ ಅದು ಬರುತ್ತದೆ, ಆದರೆ ಅಲ್ಲೆಲ್ಲ ಹೆಣ್ಣಿನ ಚೆಲುವನ್ನು ಹೇಳಲು. ಆ ಜಾಗ ನೋಯುತ್ತದೆ ಎಂದು ಹೇಳಲು ಅದನ್ನು ಬಳಸಿದ್ದು ನನ್ನ ಓದಿನಲ್ಲಂತೂ ಸಿಕ್ಕಿಲ್ಲ.

ಮೂರು ತಿಂಗಳ ಮೇಲೆ ನೋಡಿದ ಇನ್ನೊಬ್ಬ ಡಾಕ್ಟರು, ಮೂತ್ರರೋಗ ತಜ್ಞರು, ಈ ಕಾಯಿಲೆಗೆ ಒಂದು ಹೆಸರಿದೆ ಎಂದರು: ದೀರ್ಘಕಾಲಿಕ ಪೆಲ್ವಿಕ್ ನೋವು. ಗಂಡಸರಲ್ಲಿ ಇದನ್ನು ಪ್ರಾಸ್ಟೇಟ್ ಗ್ರಂಥಿಯ ಉರಿಯೂತದ ಒಂದು ಬಗೆಯೆಂದು ಲೆಕ್ಕ ಹಾಕುತ್ತಾರೆ. ಪ್ರಾಸ್ಟೇಟ್ ಉರಿಯೂತ ಎಂದು ಬರುವ 10 ಜನರಲ್ಲಿ 9ಕ್ಕೂ ಹೆಚ್ಚು ಜನರದ್ದು ಬ್ಯಾಕ್ಟೀರಿಯಾ ಸಿಗದ ಇದೇ ಬಗೆಯಂತೆ. ಸೊಂಟದ ತಳದ ಸ್ನಾಯುಗಳು ಬಿಗಿದುಕೊಂಡೇ ಇರುವುದು, ನರಗಳು ಅತಿಸೂಕ್ಷ್ಮವಾಗುವುದು, ಮನಸ್ಸಿನ ಒತ್ತಡ, ಇವೆಲ್ಲ ಒಂದನ್ನೊಂದು ಹೆಚ್ಚಿಸುತ್ತಾ ಹೋಗುತ್ತವೆ. ಅವರು ನನ್ನ ಕೈಗೆ ಒಂದು ಹಾಳೆ ಕೊಟ್ಟರು. ಅಮೆರಿಕದಲ್ಲಿ 1999ರಲ್ಲಿ ರೂಪುಗೊಂಡ ಒಂಬತ್ತು ಪ್ರಶ್ನೆಗಳ ಪಟ್ಟಿ. ಎಲ್ಲಿ ನೋವು, ಎಷ್ಟು ಸಲ, ಸೊನ್ನೆಯಿಂದ ಹತ್ತರವರೆಗೆ ಎಷ್ಟು. ಎಲ್ಲ ಕೂಡಿದರೆ 0ಯಿಂದ 43ರವರೆಗೆ ಅಂಕ. ಕೊನೆಯ ಪ್ರಶ್ನೆಯ ಸಾರ ಇಷ್ಟು: ಈಗ ಇರುವ ಹಾಗೆಯೇ ಬದುಕಿನ ಉಳಿದ ದಿನಗಳನ್ನೆಲ್ಲ ಕಳೆಯಬೇಕಾದರೆ ನಿಮಗೆ ಹೇಗನಿಸುತ್ತದೆ? ತತ್ತ್ವಶಾಸ್ತ್ರದ ತರಗತಿಯಲ್ಲೂ ಯಾರೂ ನನ್ನನ್ನು ಇಷ್ಟು ನೇರವಾಗಿ ಕೇಳಿರಲಿಲ್ಲ. ಪೆನ್ನು ಹಿಡಿದು ತುಂಬಾ ಹೊತ್ತು ಕೂತಿದ್ದೆ. ಕೂತಿದ್ದೆ ಎಂದರೆ, ನಿಂತಿದ್ದೆ.

ಆಮೇಲೆ ಎಲ್ಲರೂ ಮಾಡುವಂತೆ ಇದರ ಬಗ್ಗೆ ಓದತೊಡಗಿದೆ. ಓದುತ್ತಾ ಹೋದಂತೆ ಮತ್ತೆ ಮತ್ತೆ ಸೈನಿಕರು ಎದುರಾದರು. ಯುದ್ಧಭೂಮಿಗೆ ಕಳಿಸಿದವರ ದೇಹದ ಲೆಕ್ಕವನ್ನು ಅಮೆರಿಕದ ಸೈನ್ಯ ಇಟ್ಟಿರುವಂತೆ ಇಡುವವರು ಕಡಿಮೆ. ಆಗ ಮೊದಲ ಸಲ ನನಗೆ ಚಿಕ್ಕಪ್ಪನ ಟವೆಲ್ ನೆನಪಾಯಿತು. ಅವರಿಗೂ ಇದೇ ಇತ್ತೆಂದು ಗೊತ್ತಾಗಿದ್ದರಿಂದಲ್ಲ, ಇದೇನೆಂದು ಅವರನ್ನು ಯಾರೂ ಕೇಳಿರಲಿಲ್ಲ ಎಂಬುದು ಹೊಳೆದದ್ದರಿಂದ.

ನನ್ನ ಸಂಶೋಧನೆಯ ವಿಷಯ ಹಳಗನ್ನಡ ಕಾವ್ಯಗಳ ಯುದ್ಧವರ್ಣನೆ. ರನ್ನನ ‘ಗದಾಯುದ್ಧ’ವನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಭಾರತದ ಕಥೆ ಗೊತ್ತಿರುವ ಎಲ್ಲರಿಗೂ ಗೊತ್ತಿರುವ ಒಂದು ನಿಯಮ ಅದರ ಬೆನ್ನಿಗಿದೆ: ಗದೆಯ ಕಾಳಗದಲ್ಲಿ ನಾಭಿಯ ಕೆಳಗೆ ಹೊಡೆಯಬಾರದು. ಭೀಮ ಹೊಡೆದ. ದುರ್ಯೋಧನನ ತೊಡೆ ಮುರಿಯಿತು. ಬಲರಾಮ ಸಿಟ್ಟಿಗೆದ್ದದ್ದು ಆ ಕಾರಣಕ್ಕೆ. ಈ ನಿಯಮವನ್ನು ನಾನು ಯಾವಾಗಲೂ ಕರುಣೆ ಎಂದೇ ಓದಿಕೊಂಡಿದ್ದೆ. ಎದೆಗೆ, ತಲೆಗೆ ಬಿದ್ದ ಪೆಟ್ಟು ವೀರನ ಪೆಟ್ಟು, ಕೆಳಗೆ ಬಿದ್ದದ್ದು ಅವಮಾನ. ಆದರೆ ಹೊಡೆಯಬಾರದ ಜಾಗ ಅಂತ ಒಂದನ್ನು ಗುರುತಿಸಿಟ್ಟರೆ, ಅಲ್ಲಿ ಪೆಟ್ಟು ಬಿದ್ದವನ ಗತಿಯೇನು? ಕರುಣೆಯ ನಿಯಮ ಅವನ ಮಟ್ಟಿಗೆ ಬಾಯಿ ಕಟ್ಟುವ ನಿಯಮವಾಗುತ್ತದೆ. ಆಗಬಾರದ್ದು ಅವನಿಗೆ ಆಗಿದೆ, ಹಾಗಾಗಿ ಅದನ್ನು ಹೇಳುವಂತಿಲ್ಲ.

ಈಗಿನ ಯುದ್ಧಕ್ಕೆ ಆ ನಿಯಮವಿಲ್ಲ. ಇರಾಕ್, ಅಫ್ಘಾನಿಸ್ತಾನಗಳಲ್ಲಿ ಹೂತಿಟ್ಟ ಬಾಂಬುಗಳು ಕಾಲ ಬುಡದಿಂದ ಮೇಲಕ್ಕೆ ಸಿಡಿದವು. ಎದೆಯ ಕವಚ, ತಲೆಯ ಹೆಲ್ಮೆಟ್ಟು, ಬೇಗ ಬಂದು ಎತ್ತಿಕೊಂಡು ಹೋಗುವ ಹೆಲಿಕಾಪ್ಟರ್, ಇವುಗಳಿಂದ ಹಿಂದಿನ ಯುದ್ಧಗಳಲ್ಲಿ ಸಾಯುತ್ತಿದ್ದವರು ಬದುಕಿದರು. ಕವಚ ಮುಚ್ಚದ ಜಾಗದ ಗಾಯಗಳೊಂದಿಗೆ ಬದುಕಿದರು. 2001ರ ಅಕ್ಟೋಬರಿನಿಂದ 2013ರ ಆಗಸ್ಟಿನವರೆಗೆ ಈ ಎರಡು ಯುದ್ಧಗಳಲ್ಲಿ ಮೂತ್ರ ಮತ್ತು ಜನನಾಂಗಗಳಿಗೆ ಗಾಯವಾದ ಅಮೆರಿಕದ ಗಂಡು ಸೈನಿಕರ ಸಂಖ್ಯೆ 1,367. ಅವರಲ್ಲಿ ಸುಮಾರು ಮುಕ್ಕಾಲು ಪಾಲು ಜನರಿಗೆ ಗಾಯವಾದದ್ದು ಶಿಶ್ನ, ವೃಷಣಗಳಂಥ ಹೊರ ಅಂಗಗಳಿಗೆ. ಬಹುಪಾಲು ಜನ ನನಗಿಂತ ಚಿಕ್ಕವರು. ಯುದ್ಧ ಶುರುವಾಗಿ ಸುಮಾರು ಹತ್ತು ವರ್ಷವಾದ ಮೇಲೆ ಬ್ರಿಟನ್ ಮತ್ತು ಅಮೆರಿಕದ ಸೈನಿಕರಿಗೆ ಸಿಡಿದ ಮಣ್ಣು, ಚೂರುಗಳನ್ನು ತಡೆಯುವ ರೇಷ್ಮೆಯ ಒಳಚಡ್ಡಿಗಳು ಬಂದವು.

2018ರ ಮಾರ್ಚ್‌ನಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ, ಅಫ್ಘಾನಿಸ್ತಾನದಲ್ಲಿ ಗಾಯಗೊಂಡಿದ್ದ ಒಬ್ಬ ಸೈನಿಕನಿಗೆ, ತೀರಿಕೊಂಡ ದಾನಿಯೊಬ್ಬನ ಶಿಶ್ನ ಮತ್ತು ವೃಷಣಚೀಲವನ್ನು ಕಸಿ ಮಾಡಿದರು. 11 ಶಸ್ತ್ರವೈದ್ಯರು, 14 ಗಂಟೆ. ವೃಷಣಗಳನ್ನು ಮಾತ್ರ ಕಸಿ ಮಾಡಲಿಲ್ಲ. ಮಾಡಿದ್ದರೆ ಹುಟ್ಟುವ ಮಗು ದಾನಿಯದಾಗುತ್ತಿತ್ತು, ಅದು ನೈತಿಕವಾಗಿ ಸರಿಯಲ್ಲ ಎಂದು ವೈದ್ಯರು ಮೊದಲೇ ತೀರ್ಮಾನಿಸಿದ್ದರು. ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಆ ಸೈನಿಕ ಮಾತ್ರ ತನ್ನ ಹೆಸರು ಹೊರಗೆ ಬರಬಾರದೆಂದು ಕೇಳಿಕೊಂಡ. ಅದೇ ಯುದ್ಧದಲ್ಲಿ ಕಾಲು ಕಳೆದುಕೊಂಡವರು ಕೃತಕ ಕಾಲು ಹಾಕಿಕೊಂಡು ಮ್ಯಾರಥಾನ್ ಓಡಿದ ಫೋಟೋಗಳನ್ನು ನಾವೆಲ್ಲ ನೋಡಿದ್ದೇವೆ. ಒಂದು ಗಾಯಕ್ಕೆ ಹೆಸರು, ಇನ್ನೊಂದಕ್ಕೆ ಹೆಸರಿಲ್ಲ.

ಇಂಗ್ಲಿಷ್ ಕಾದಂಬರಿ ಓದಿದವರಿಗೆ ಲಾರೆನ್ಸ್ ಸ್ಟರ್ನ್‌ನ ‘ಟ್ರಿಸ್ಟ್ರಮ್ ಶ್ಯಾಂಡಿ’ಯ ಅಂಕಲ್ ಟೋಬಿ ನೆನಪಾಗಬಹುದು. 1695ರ ನಮೂರ್ ಮುತ್ತಿಗೆಯಲ್ಲಿ ತೊಡೆಸಂದಿಗೆ ಪೆಟ್ಟು ತಿಂದವನು. ಅವನನ್ನು ಮದುವೆಯಾಗಲು ಯೋಚಿಸುವ ವಿಧವೆ, ಸಹಜವಾಗಿ, ಗಾಯ ಎಲ್ಲಿ ಆಯಿತು ಎಂದು ತಿಳಿಯಲು ಹವಣಿಸುತ್ತಾಳೆ. ಟೋಬಿ ಖಂಡಿತ ತೋರಿಸುತ್ತೇನೆ ಎಂದು ನಮೂರ್ ಪಟ್ಟಣದ ನಕ್ಷೆ ತರಿಸುತ್ತಾನೆ. ಎಂ.ಎ. ತರಗತಿಯಲ್ಲಿ ಇದನ್ನು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಈಗಲೂ ನಗು ಬರುತ್ತದೆ. ಜೊತೆಗೆ, ಚಿಕ್ಕಪ್ಪನೂ ನಮಗೆಲ್ಲ ನಕ್ಷೆಯನ್ನೇ ತೋರಿಸುತ್ತಿದ್ದರಲ್ಲ ಎಂದೂ ಅನಿಸುತ್ತದೆ. ಜೈಸಲ್ಮೇರ್ ಎಲ್ಲಿ, ಲೇಹ್ ಎಲ್ಲಿ, ಎಷ್ಟು ಚಳಿ, ಎಷ್ಟು ಮರಳು. ಎಲ್ಲಿ ನೋಯುತ್ತದೆ ಎಂಬುದೊಂದು ಬಿಟ್ಟು ಎಲ್ಲ.

ಇಷ್ಟು ಹೊತ್ತು ಹೇಳಿದ್ದು ಕಣ್ಣಿಗೆ ಕಾಣುವ ಗಾಯಗಳ ಮಾತು. ಇನ್ನು ಗುಂಡೂ ಇಲ್ಲದ, ಬಾಂಬೂ ಇಲ್ಲದ ನೋವಿದೆ. ಕುವೈತ್, ಇರಾಕ್‌ಗಳ ಬಿಸಿಲಿಗೆ ಹೋದ ಅಮೆರಿಕನ್ ಸೈನಿಕರಲ್ಲಿ ಮೂತ್ರದ ಕಲ್ಲಿನ ನೋವು ಕಾಣಿಸಿಕೊಂಡವರನ್ನು ಗಮನಿಸಿದ ವೈದ್ಯರು, ಅದಕ್ಕೆ ಹಿಡಿದದ್ದು ಸರಾಸರಿ 93 ದಿನ ಎಂದು ಲೆಕ್ಕ ಕೊಟ್ಟರು. ಮೂರೇ ತಿಂಗಳು. ಹೆಣ್ಣು ಸೈನಿಕರ ಸಮಸ್ಯೆ ಇನ್ನೂ ಸರಳ, ಇನ್ನೂ ಕಠಿಣ. ಗಂಟೆಗಟ್ಟಲೆ ಸಾಗುವ ವಾಹನಗಳ ಸಾಲು, ಇಳಿದರೆ ಅಪಾಯ, ಮರೆಯಿಲ್ಲ, ಕವಚ ಬಿಚ್ಚದೆ ಕೂರುವಂತಿಲ್ಲ. ಹಾಗಾಗಿ ಹಲವರು ನೀರು ಕುಡಿಯುವುದನ್ನೇ ನಿಲ್ಲಿಸಿದರು, ಬಂದದ್ದನ್ನು ತಡೆಹಿಡಿದರು. ಅದರ ಹಿಂದೆಯೇ ಉರಿಮೂತ್ರ, ಸೋಂಕು. 2021ರ ಮೇ ತಿಂಗಳಲ್ಲಿ ಬೆಂಗಳೂರಿನ ಮಿಲಿಟರಿ ಪೊಲೀಸ್ ತರಬೇತಿ ಕೇಂದ್ರದಿಂದ ನಮ್ಮ ದೇಶದ ಮೊದಲ 83 ಮಹಿಳಾ ಸೈನಿಕರ ತಂಡ ಹೊರಬಂತು. ಪರೇಡಿನ ಫೋಟೋ ನೋಡಿ ನಾವು ಹೆಮ್ಮೆಪಟ್ಟೆವು. ಅವರು ಗಡಿಯ ರಸ್ತೆಯಲ್ಲಿ ಹೊರಟಾಗ ನೀರು ಕುಡಿಯಲು ಧೈರ್ಯವಿರುತ್ತದೆಯೇ ಎಂಬ ಪ್ರಶ್ನೆ ಹೆಮ್ಮೆಯ ಪಕ್ಕದಲ್ಲಿ ನಿಲ್ಲುವಷ್ಟು ದೊಡ್ಡದೆಂದು ಯಾರಿಗೂ ಅನಿಸಲಿಲ್ಲ. ನನಗೂ.

ಇದಕ್ಕಿಂತ ಕತ್ತಲಿನ ಮೂಲೆಯೊಂದಿದೆ. ಅಮೆರಿಕದ ಮಾಜಿ ಸೈನಿಕರ ಇಲಾಖೆ ತನ್ನಲ್ಲಿ ಚಿಕಿತ್ಸೆಗೆ ಬರುವ ಎಲ್ಲರನ್ನೂ, ಸೇವೆಯಲ್ಲಿದ್ದಾಗ ಲೈಂಗಿಕ ದೌರ್ಜನ್ಯ ಆಗಿತ್ತೇ ಎಂದು ಕೇಳುತ್ತದೆ. ಮೂವರು ಹೆಂಗಸರಲ್ಲಿ ಒಬ್ಬರು, 50 ಗಂಡಸರಲ್ಲಿ ಒಬ್ಬರು ಹೌದು ಎನ್ನುತ್ತಾರೆ. ಹಾಗೆ ಹೌದೆಂದವರಲ್ಲಿ ದೀರ್ಘಕಾಲಿಕ ಪೆಲ್ವಿಕ್ ನೋವು ಹೆಚ್ಚು. ಶತ್ರು ಎದುರಿನ ಶಿಬಿರದಲ್ಲೇ ಇರಬೇಕೆಂದಿಲ್ಲ. ‘ಆ ವಿಷಯ ಮಾತಾಡಬಾರದು’ ಎನ್ನುವ ಮರ್ಯಾದೆ ಇಲ್ಲಿ ನೋವುಂಡವರನ್ನು ಕಾಯುವುದಿಲ್ಲ, ನೋವು ಕೊಟ್ಟವನನ್ನು ಕಾಯುತ್ತದೆ.

ಹಾಗಾದರೆ ಯಾವುದು ಯುದ್ಧದ ಗಾಯ? ಅಮೆರಿಕದ ‘ಪರ್ಪಲ್ ಹಾರ್ಟ್’ ಪದಕ ಶತ್ರುವಿನ ಕೈಯಿಂದ ಆದ, ವೈದ್ಯರು ಚಿಕಿತ್ಸೆ ಮಾಡಿ ದಾಖಲಿಸಿದ ಗಾಯಕ್ಕೆ. ಯುದ್ಧದಿಂದ ಮನಸ್ಸು ಮುರಿದವರಿಗೆ ಅದು ಸಲ್ಲುವುದಿಲ್ಲ ಎಂದು 2009ರಲ್ಲಿ ಪೆಂಟಗನ್ ತೀರ್ಮಾನಿಸಿತು. 93ನೇ ದಿನ ಟ್ರಕ್ಕಿನಲ್ಲಿ ಮುದುಡಿ ಮಲಗಿದವನಿಗೆ ಸಲ್ಲುವ ಮಾತೇ ಇಲ್ಲ. ಪರಿಹಾರದ ಕಾನೂನಿನಲ್ಲಿ ಜನನಾಂಗಕ್ಕೆ ಇಟ್ಟ ಹೆಸರು ‘ಸೃಷ್ಟಿಶೀಲ ಅಂಗ’ ಎಂಬರ್ಥದ ಪದ. ಅದನ್ನು ಕಳೆದುಕೊಂಡರೆ ಉಳಿದ ಪಿಂಚಣಿಯ ಮೇಲೆ 2024ರಲ್ಲಿ ಸಿಗುತ್ತಿದ್ದದ್ದು ತಿಂಗಳಿಗೆ 132 ಡಾಲರ್ ಚಿಲ್ಲರೆ. ಸಾಹಿತ್ಯದ ವಿದ್ಯಾರ್ಥಿಯಾಗಿ ಆ ಹೆಸರು ಓದಿ ನಕ್ಕೆ, ಆಮೇಲೆ ನಗು ನಿಂತಿತು. ಗುಮಾಸ್ತನಿಗೂ ಬಾಯಿಬಿಟ್ಟು ಹೇಳಲು ಆಗಿಲ್ಲ. 1992ರಿಂದ ಆ ಇಲಾಖೆ ಪ್ರನಾಳ ಶಿಶು ಚಿಕಿತ್ಸೆಗೆ ಹಣ ಕೊಡುವಂತಿರಲಿಲ್ಲ. 2016ರಲ್ಲಿ ಕೊಡಬಹುದು ಎಂದಾಯಿತು, ಆದರೆ ವೀರ್ಯ, ಅಂಡಾಣು ಎರಡೂ ಆ ದಂಪತಿಯದ್ದೇ ಇರಬೇಕು. ವೃಷಣಗಳನ್ನೇ ಕಳೆದುಕೊಂಡವನು, ಅಂದರೆ ಅತಿ ಹೆಚ್ಚು ಕಳೆದುಕೊಂಡವನು, ಹೊರಗುಳಿದ. ಅದು ಸರಿಹೋದದ್ದು 2024ರಲ್ಲಿ.

ಇಲ್ಲಿ ನನ್ನ ವಿರುದ್ಧವೇ ಒಂದು ಮಾತು ಆಡಬೇಕು. ಪುರಾವೆ ಕೇಳುವುದೇ ತಪ್ಪು ಎಂದು ಹೇಳುವುದು ಸುಲಭ. ಆದರೆ ಪಿಂಚಣಿ ಕಚೇರಿಯಲ್ಲಿ ಕೂತವನ ಮುಂದೆ ಸಾವಿರಾರು ಅರ್ಜಿಗಳಿರುತ್ತವೆ, ಅವುಗಳಲ್ಲಿ ಸುಳ್ಳೂ ಇರುತ್ತದೆ. ಹಣ ಸಾರ್ವಜನಿಕರದ್ದು. ಹೇಳಿದ್ದನ್ನೆಲ್ಲ ನಂಬಿದರೆ ನಿಜವಾಗಿ ನೋಯುತ್ತಿರುವವನ ಪಾಲೇ ಕಡಿಮೆಯಾದೀತು. ವೈದ್ಯರೂ ಅಷ್ಟೇ, ಪರೀಕ್ಷೆ ಮಾಡದೆ ನಂಬಿಬಿಟ್ಟರೆ ಪರೀಕ್ಷೆಯಲ್ಲಿ ಸಿಗಬಹುದಾಗಿದ್ದ ಕ್ಯಾನ್ಸರೋ ಸೋಂಕೋ ತಪ್ಪಿಹೋಗಬಹುದು. ಅನುಮಾನಕ್ಕೂ ಒಂದು ಧರ್ಮವಿದೆ.

ಈ ಗೊಂದಲದಲ್ಲಿದ್ದಾಗ ನನಗೆ ದಾರಿ ತೋರಿಸಿದ್ದು ತತ್ತ್ವಶಾಸ್ತ್ರದ ಪುಸ್ತಕವಲ್ಲ, ಅಮೆರಿಕದ ನ್ಯಾಯಾಲಯಗಳ ಎರಡು ತೀರ್ಪುಗಳು. 1999ರಲ್ಲಿ, ಮಾಜಿ ಸೈನಿಕರ ಪರಿಹಾರದ ವಿಷಯದಲ್ಲಿ, ಕಾಯಿಲೆ ಇಂಥದ್ದು ಎಂದು ಗುರುತಿಸಲಾಗದ ಬರೀ ನೋವನ್ನು ಅಂಗವೈಕಲ್ಯ ಎಂದು ಎಣಿಸಲಾಗದು ಎಂಬ ತೀರ್ಪು ಬಂತು. ಸುಮಾರು ಎರಡು ದಶಕ ಅದೇ ನಡೆಯಿತು. 2018ರಲ್ಲಿ ಮಂಡಿನೋವಿನ ಒಬ್ಬ ಮಾಜಿ ಸೈನಿಕ ಮಹಿಳೆಯ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಿದ್ದಿತು. ಅಂಗವೈಕಲ್ಯ ಎಂದರೆ ಕಾಯಿಲೆಯ ಹೆಸರಲ್ಲ, ಆ ಮನುಷ್ಯನಿಗೆ ಮಾಡಲಾಗದೆ ಹೋದ ಕೆಲಸ. ನೋವೊಂದರಿಂದಲೇ ಆ ಸ್ಥಿತಿ ಬರಬಹುದು ಎಂದಿತು. ನೋವು ಇದೆ ಅಂದರೆ ಸಾಕು ಎಂದು ನ್ಯಾಯಾಲಯ ಹೇಳಲಿಲ್ಲ. ಅದು ಪುರಾವೆಯನ್ನು ಕೈಬಿಡಲಿಲ್ಲ, ಪ್ರಶ್ನೆಯನ್ನು ಬದಲಿಸಿತು. ‘ಎಲ್ಲಿದೆ ತೋರಿಸು’ ಎನ್ನುವ ಬದಲು ‘ಏನು ಮಾಡಲು ಆಗುತ್ತಿಲ್ಲ ಹೇಳು’ ಎಂದು ಕೇಳಿತು.

ಮೊದಲ ಪ್ರಶ್ನೆಗೆ ಉತ್ತರ ಕೊಡಲು ನಾನು ಬಟ್ಟೆ ಬಿಚ್ಚಬೇಕು, ಬಿಚ್ಚಿದರೂ ಅಲ್ಲೇನೂ ಕಾಣುವುದಿಲ್ಲ. ಎರಡನೆಯದಕ್ಕೆ ಉತ್ತರಿಸಬಲ್ಲೆ: ಅರ್ಧ ಗಂಟೆಗಿಂತ ಹೆಚ್ಚು ಕೂರಲಾರೆ, ಬೈಕ್ ಓಡಿಸಲಾರೆ, ರಾತ್ರಿ ನಾಲ್ಕು ಸಲ ಏಳುತ್ತೇನೆ. ಇದಕ್ಕೆ ನಾಚಿಕೆಪಡಬೇಕಾದ ಪದ ಒಂದೂ ಬೇಡ. ಕಚೇರಿಗೆ ಬೇಕಾದಷ್ಟು ಪುರಾವೆಯನ್ನು ಕಚೇರಿ ಕೇಳಲಿ. ಅಮ್ಮ, ಗೆಳೆಯ, ಅಣ್ಣನ ಮಗ ಇವರ್ಯಾರೂ ಪಿಂಚಣಿ ಕೊಡಬೇಕಾದವರಲ್ಲ. ನಂಬಿ ಮೋಸಹೋದರೆ ಅವರು ಕಳೆದುಕೊಳ್ಳುವುದು ಅಬ್ಬಬ್ಬಾ ಅಂದರೆ ಒಂದು ಸೀಟು, ಒಂದು ದಿಂಬು. ನಂಬದೆ ಹೋದರೆ ಎದುರಿನವನು ಕಳೆದುಕೊಳ್ಳುವುದು ಬಹಳ. ನೋವಿನ ಜೊತೆಗೆ, ನೋವನ್ನು ಮುಚ್ಚಿಡುವ ಇನ್ನೊಂದು ಡ್ಯೂಟಿಯನ್ನೂ ಅವನು ಮಾಡಬೇಕಾಗುತ್ತದೆ. ಅದಕ್ಕೆ ರಜೆಯೂ ಇಲ್ಲ, ನಿವೃತ್ತಿಯೂ ಇಲ್ಲ.

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದೆ. ಹಿಂತಿರುಗುವಾಗ ಚಿಕ್ಕಪ್ಪನೂ ಹಾಸನಕ್ಕೆ ಹೊರಟಿದ್ದರು, ಕ್ಯಾಂಟೀನ್ ಸಾಮಾನಿಗೆ. ಬಸ್ಸು ಅರ್ಧ ಖಾಲಿ. ಅವರು ಕಂಬಿ ಹಿಡಿದು ನಿಂತರು. ನಾನೂ ಪಕ್ಕದಲ್ಲಿ ನಿಂತೆ.

‘ನೀನ್ಯಾಕೋ ನಿಂತ್ಕಂಡೆ? ಕೂತ್ಕೊ ಹೋಗು’ ಅಂದರು.

‘ನಂಗೂ ಕೂರಕ್ಕಾಗಲ್ಲ ಚಿಕ್ಕಪ್ಪ. ಎರಡು ವರ್ಷ ಆಯ್ತು.’

ಅವರು ನನ್ನ ಮುಖ ನೋಡಿದರು. ಏನಾಗಿದೆ ಎಂದು ಕೇಳಲಿಲ್ಲ. ಒಂದೆರಡು ಊರು ದಾಟುವವರೆಗೂ ಸುಮ್ಮನಿದ್ದರು. ನಾನೇ ಕೇಳಿದೆ: ‘ನಿಮಗೆ ಎಷ್ಟು ಹೊತ್ತು ಕೂರಕ್ಕಾಗುತ್ತೆ?’

‘ಇಪ್ಪತ್ ನಿಮಿಷ. ಚಳಿಗಾಲದಾಗೆ ಅದೂ ಇಲ್ಲ’ ಅಂದರು. ಆಮೇಲೆ ಮಾತು ತಾನಾಗಿ ಬಂತು. ಮರಳುಗಾಡಿನಲ್ಲಿ ಟ್ರಕ್ಕು ಓಡಿಸುತ್ತಿದ್ದಾಗ ಶುರುವಾದದ್ದಂತೆ. ಎಂ.ಐ. ರೂಮಿಗೆ ಹೋದರೆ ಕೆಟಗರಿ ಇಳಿಯುತ್ತದೆ, ಪ್ರಮೋಷನ್ ಹೋಗುತ್ತದೆ ಎಂಬ ಭಯಕ್ಕೆ ಇವರೇ ಹೇಳಲಿಲ್ಲ. ಒಂದು ಸಲ ಹೇಳಿದ್ದೂ ಬೆನ್ನು ನೋವು ಅಂತಲೇ. ನಾನು ನಕ್ಕೆ. ನಾನೂ ಅಮ್ಮನಿಗೆ ಹಾಗೇ ಹೇಳಿದ್ದು ಅಂದೆ. ಅವರೂ ನಕ್ಕರು.

‘ಚಿಕ್ಕಮ್ಮಂಗೆ ಗೊತ್ತಾ?’

‘ನಾನೇನ್ ಹೇಳಿಲ್ಲಪ್ಪ.’ ಸ್ವಲ್ಪ ಹೊತ್ತು ಬಿಟ್ಟು, ‘ಆದ್ರೆ ಆ ಟವೆಲ್ ಮಡ್ಚಿ ಬ್ಯಾಗಿಗೆ ಹಾಕೋಳು ಅವಳೇ’ ಅಂದರು.

ಹುಡುಗರೆಲ್ಲ ಸೇರಿ ನಾನು ಮಾಡಿ ತೋರಿಸುತ್ತಿದ್ದ ಆ ನಟನೆಯನ್ನು ಅವರು ನೋಡಿದ್ದರೋ ಇಲ್ಲವೋ, ಕೇಳುವ ಧೈರ್ಯ ಬರಲಿಲ್ಲ. ಮುಂದಿನ ಸಲ ಬಂದಾಗ ಒಟ್ಟಿಗೇ ಮೂತ್ರರೋಗದ ಡಾಕ್ಟರ ಹತ್ತಿರ ಹೋಗೋಣ, ನಿಮ್ಮ ಇಸಿಎಚ್‌ಎಸ್ ಕಾರ್ಡ್ ತನ್ನಿ ಅಂದೆ. ‘ನೋಡಣ’ ಅಂದರು. ಕಂಡಕ್ಟರ್ ಹಿಂದಿನಿಂದ ‘ಸೀಟಿದಾವೆ, ಕೂತ್ಕಳಿ ಸಾರ್’ ಎಂದು ಕೂಗಿದ. ಚಿಕ್ಕಪ್ಪ ‘ಇರ್ಲಿ ಬಿಡಪ್ಪ, ನಾವಿಬ್ರೂ ನಿಂತೇ ಬರ್ತೀವಿ’ ಅಂದರು.